ಹೇಳುವುದಕ್ಕೊಂದು ಒಳ್ಳೆಯ ಜಾಗ

ದೊಡ್ಡ ರಸ್ತೆಯ ಪಕ್ಕದ ಒಂದು ಗ್ಯಾರೇಜು,
ಗುರುವಾರ, ತಾರೀಕು ಹದಿನೆಂಟು.

ಪ್ರೀತಿಯ ಚೂಟಿ,

ಹೇಗಿದ್ದೀಯ ಮಗಳೇ? ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿಕೊಂಡು ಕೂತು ಕೂತು ಕತ್ತು ಹಿಡಿದುಕೊಂಡಿದೆ ಎಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ನಾನು ಹೊಲಿದು ಕೊಟ್ಟ ಉದ್ದನೆಯ ದಿಂಬನ್ನು ಕತ್ತಿಗೆ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲಾ ಅದು ಆಗಲೇ ಅಮ್ಮನ ಮಂಡಿಯ ಕೆಳಗೆ ಸೇರಿಕೊಂಡಿತೋ? ಅವಳ ಕೈಗೆ ಸಿಕ್ಕಿದ್ದು ಯಾವುದೂ ವಾಪಸು ಬರುವುದಿಲ್ಲ, ನನ್ನನ್ನೇ ನೋಡು. ಮದುವೆಯ ಕೆಲಸಕ್ಕೆಂದು ನಿನ್ನ ಹತ್ತಿರ ಬಂದಿದ್ದಾಳೆ ಸರಿ, ಆದರೆ ಅವಳನ್ನು ಅಂಗಡಿ ಅಂಗಡಿ ಅಲೆಸಬೇಡ. ಚೌಕಾಸಿ ಮಾಡಲು ನಿಂತರೆ ಅವಳಿಗೆ ಮಂಡಿನೋವು ಮರೆತುಹೋಗುತ್ತದೆ, ಮನೆಗೆ ಬಂದ ಮೇಲೆ ನೆನಪಾಗುತ್ತದೆ. ಆಗ ಕಾಲು ಒತ್ತುವುದಕ್ಕೆ ನಾನು ಅಲ್ಲಿಲ್ಲ.

ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ ಎಂದು ಅಮ್ಮನಿಗೆ ಹೇಳು. ಒಂದೆರಡು ಸಲ ಮರೆತೆ ಎಂಬುದನ್ನು ಹೇಳಬೇಡ. ಫೋನು ಮಾಡುವುದು ಬಿಟ್ಟು ಅಪ್ಪ ಯಾಕೆ ಕಾಗದ ಬರೆಯಲು ಕೂತ ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಾದರೆ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ಅದನ್ನು ಮುಗಿಸಿಬಿಡುತ್ತೀಯ. ಹುಟ್ಟಿದಾಗಿನಿಂದ ಹಾಗೇ, ಅದಕ್ಕೇ ಅಲ್ಲವೇ ನಿನಗೆ ಚೂಟಿ ಎಂದು ಹೆಸರು ಬಿದ್ದದ್ದು. ಈ ಸಲ ನನ್ನ ಮಾತನ್ನು ನಾನೇ ಮುಗಿಸಬೇಕು. ಬೆಳಿಗ್ಗೆ ನನ್ನ ಬೈಕಿನ ಚೈನು ಕಿತ್ತುಹೋಯಿತು. ಈ ಮೆಕ್ಯಾನಿಕ್ಕಿನ ಹತ್ತಿರ ಅದಕ್ಕೆ ಹೊಂದುವ ಚೈನು ಇಲ್ಲ. ತರಲು ನಮ್ಮ ಸರ್ವೆಯವನು ತನ್ನ ಬೈಕಿನಲ್ಲಿ ಪಟ್ಟಣಕ್ಕೆ ಹೋಗಿದ್ದಾನೆ. ಹಳೆಯ ಟೈರುಗಳ ಮೇಲೆ ಹಲಗೆ ಹಾಕಿ ಮಾಡಿದ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೆಕ್ಯಾನಿಕ್ಕು ನನ್ನನ್ನು ನೋಡಿ ದೂರು ಬರೆಯುತ್ತಿದ್ದಾನೆ ಎಂದುಕೊಂಡಿದ್ದಾನೇನೋ, ಕೇಳದೆಯೇ ಎರಡು ಸಲ ಟೀ ತಂದುಕೊಟ್ಟ. ಕಾಗದದ ಮೂಲೆಯಲ್ಲಿರುವ ಕಪ್ಪು ಕಲೆ ಗ್ರೀಸು, ಗಾಬರಿ ಬೀಳಬೇಡ.

ನೀನು ವಹಿಸಿದ ಕೆಲಸ ಆಯಿತು, ಚೂಟಿ. ನಿನಗೆ ಮತ್ತೆ ಮದುವೆ ಗೊತ್ತಾಗಿದೆ ಎಂದು ಅವನಿಗೆ, ಅದೇ ನಮ್ಮ ಸರ್ವೆಯವನಿಗೆ, ಹೇಳಿದೆ. ಒಂದೇ ಸಾಲಿನಲ್ಲಿ ಹೀಗೆ ಬರೆದು ಸಹಿ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಒಂದು ಸಾಲು ನನ್ನ ಬಾಯಿಂದ ಹೊರಡುವುದಕ್ಕೆ ಎಷ್ಟು ಊರು ದಾಟಬೇಕಾಯಿತು, ಹೊರಟ ಮೇಲೆ ಏನೇನಾಯಿತು ಎಂಬುದನ್ನು ನೀನು ಕೇಳಲೇಬೇಕು. ನಿನ್ನನ್ನು ಬಿಟ್ಟರೆ ನಾನು ಇದನ್ನು ಯಾರಿಗೆ ಹೇಳಲಿ? ಅಮ್ಮನಿಗೆ ಹೇಳಿದರೆ ‘ನೀವು ನಿಮ್ಮ ಬೈಕು’ ಎಂದು ಒಳಗೆ ಹೋಗುತ್ತಾಳೆ.

ನಿಮ್ಮ ಮದುವೆಯಾದ ಹೊಸದರಲ್ಲಿ ಅವನು ತನ್ನ ಬೈಕಿನ ಹರಿದ ಸೀಟು ತೆಗೆದುಕೊಂಡು ನಮ್ಮ ಕುಶನ್ ಅಂಗಡಿಗೆ ಬಂದದ್ದು ನಿನಗೆ ನೆನಪಿರಬೇಕು. ಸೀಟು ಹೊಲಿದೆ, ಸ್ಪಂಜು ಸರಿಯಾಗಿ ಕೂತಿದೆಯೇ ನೋಡೋಣ ಎಂದು ನಾನೂ ನನ್ನ ಗಾಡಿ ತೆಗೆದೆ. ಒಂದು ಸುತ್ತು ಹೊಡೆದು ಬರುತ್ತೇವೆ ಎಂದು ಹೋದವರು ಮೂರು ದಿನ ಬಿಟ್ಟು ಮೈಯೆಲ್ಲ ಧೂಳು ಮಾಡಿಕೊಂಡು ಬಂದೆವು. ನೀನು ಬಾಗಿಲಲ್ಲೇ ನಿಂತು, ‘ಸೀಟು ಹೇಗಿದೆ?’ ಎಂದು ಕೇಳಿ ಬಿದ್ದು ಬಿದ್ದು ನಕ್ಕೆ. ಆ ವರ್ಷದಿಂದ ಇಲ್ಲಿಯವರೆಗೆ ನಾವು ಒಂದು ವರ್ಷವೂ ತಪ್ಪಿಸಲಿಲ್ಲ. ನಾನು ಕ್ಯಾನ್ವಾಸು ಕತ್ತರಿಸಿ ಡಬಲ್ ಹೊಲಿಗೆ ಹಾಕಿ ನನ್ನ ಕೈಯಾರೆ ಟೆಂಟು ಮಾಡಿದೆ. ಅದರ ನೆತ್ತಿಯ ಹೊಲಿಗೆಯಲ್ಲಿ ಇವತ್ತಿಗೂ ಒಂದು ಹನಿ ಸೋರಿಲ್ಲ. ನೀವಿಬ್ಬರು ಬೇರೆಯಾದಾಗ ನಾನು ಇನ್ನು ಇದೆಲ್ಲ ಮುಗಿಯಿತು ಎಂದುಕೊಂಡಿದ್ದೆ. ನೀನೇ ಹೇಳಿದೆ: ‘ನನಗೂ ಅವರಿಗೂ ಆಗಿಬರಲಿಲ್ಲ. ನಿಮಗೂ ಅವರಿಗೂ ಆಗಿಬಂದಿದೆ. ನಾನ್ಯಾಕೆ ಅಡ್ಡ ಬರ್ಲಿ, ಹೋಗಿ ಬನ್ನಿ ಅಪ್ಪಾ.’ ಎಷ್ಟು ಜನ ಹೆಣ್ಣುಮಕ್ಕಳು ಹಾಗೆ ಹೇಳುತ್ತಾರೆ? ಆ ಮಾತು ಕೇಳಿ ನಾನು ಆವತ್ತು ಅಂಗಡಿಯ ಒಳಗೆ ಹೋಗಿ ಮಿಷನ್ನಿಗೆ ಎಣ್ಣೆ ಹಾಕುತ್ತ ಕೂತೆ.

ಈ ಸಲ ಹೊರಡುವ ಮೊದಲು ನೀನು ಫೋನಿನಲ್ಲಿ ಹೇಳಿದ್ದೂ ನ್ಯಾಯವೇ. ಬೇರೆ ಯಾರದೋ ಬಾಯಿಂದ ಅವನಿಗೆ ಗೊತ್ತಾಗುವುದು ಬೇಡ, ನೀವೇ ಹೇಳಿ ಎಂದೆ. ಆಮೇಲೆ, ‘ಇದೇ ಕೊನೇದಾಗ್ಲಿ ಅಪ್ಪಾ, ಇವರ ಮನೆಯವರಿಗೆ ಒಂಥರಾ ಅನ್ಸುತ್ತೆ’ ಎಂದೆ. ಅನ್ನಿಸದೆ ಇರುತ್ತದೆಯೇ? ನಿನ್ನ ಕೈ ಹಿಡಿಯಲಿರುವ ಔಷಧಿ ಅಂಗಡಿಯವರು ಒಳ್ಳೆಯ ಮನುಷ್ಯ, ಆದರೆ ಅವರಿಗೂ ಅಕ್ಕಪಕ್ಕದವರಿದ್ದಾರೆ, ಅಕ್ಕತಂಗಿಯರಿದ್ದಾರೆ. ಹೆಂಡತಿಯ ಅಪ್ಪ ಅವಳ ಮೊದಲ ಗಂಡನ ಜೊತೆ ಟೆಂಟು ಕಟ್ಟಿಕೊಂಡು ಊರೂರು ತಿರುಗುತ್ತಾನೆ ಎಂದರೆ ಯಾರಿಗೆ ತಾನೇ ಸರಿಯಾಗಿ ಅರ್ಥವಾಗುತ್ತದೆ? ಆಗಲಿ ಎಂದೆ. ಆಗಲಿ ಎನ್ನುವುದು ಸುಲಭವಾಗಿತ್ತು.

ಹೊರಟ ದಿನದಿಂದ ಆ ಮಾತು ಹೇಳಲು ಹೊತ್ತು ಹುಡುಕುತ್ತಿದ್ದೆ. ಗಾಡಿ ಓಡಿಸುವಾಗ ಹೇಳಲಾಗುವುದಿಲ್ಲ, ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು. ಟೀ ಅಂಗಡಿಯಲ್ಲಿ ಹೇಳಲು ಮನಸ್ಸು ಬರಲಿಲ್ಲ. ಸಂಜೆ ಒಂದು ಒಳ್ಳೆಯ ಜಾಗ ನೋಡಿ ಟೆಂಟು ಹಾಕಿ, ಸಮಾಧಾನವಾಗಿ ಕೂತು ಹೇಳೋಣ ಎಂದುಕೊಂಡೆ. ಜಾಗ ಹುಡುಕುವುದರಲ್ಲಿ ಅವನು ಹೇಗೆ ಎಂದು ನಿನಗೆ ಗೊತ್ತು, ಆದರೆ ಕಣ್ಣಾರೆ ನೋಡಿಲ್ಲ ನೀನು. ಗಾಡಿ ನಿಲ್ಲಿಸಿ ಹೆಲ್ಮೆಟ್ಟು ತೆಗೆದು ಮೊದಲು ಸುಮ್ಮನೆ ನಿಲ್ಲುತ್ತಾನೆ, ಗಾಳಿ ಯಾವ ಕೆನ್ನೆಗೆ ತಾಗುತ್ತದೆ ಎಂದು ನೋಡುತ್ತಾನೆ. ಹೊಳೆಯ ಪಕ್ಕವಾದರೆ ಪೊದೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ ಎಷ್ಟು ಎತ್ತರದಲ್ಲಿದೆ ನೋಡಿ ನೀರು ಎಲ್ಲಿಯವರೆಗೆ ಏರಿತ್ತು ಎಂದು ಹೇಳುತ್ತಾನೆ. ಮರದ ಕೆಳಗಾದರೆ ತಲೆಯೆತ್ತಿ ಒಣಕೊಂಬೆ ಇದೆಯೇ ಎಂದು ಹುಡುಕುತ್ತಾನೆ. ಕೊನೆಗೆ ಬಹುತೇಕ ತುಂಬಿದ ನೀರಿನ ಬಾಟಲಿಯನ್ನು ನೆಲದ ಮೇಲೆ ಅಡ್ಡ ಮಲಗಿಸುತ್ತಾನೆ. ಒಳಗಿನ ಗಾಳಿಗುಳ್ಳೆ ಯಾವ ಕಡೆ ಓಡಿತೋ ಆ ಕಡೆ ನಮ್ಮ ತಲೆ. ಭೂಮಿ ಅಳೆಯುವವನ ಕಣ್ಣು, ಕೇಳಬೇಕೇ? ಇಷ್ಟೆಲ್ಲ ನೋಡಿ, ಎಲ್ಲ ಸರಿಯಿದೆ ಎಂದು ತಲೆಯಾಡಿಸಿ, ಸೊಂಟದ ಮೇಲೆ ಕೈಯಿಟ್ಟು ರಸ್ತೆಯ ಕಡೆ ತಿರುಗಿ ಹೇಳುತ್ತಾನೆ: ‘ಚೆನ್ನಾಗಿದೆ ಮಾವ. ಇನ್ನೊಂಚೂರು ಮುಂದೆ ನೋಡೋಣ.’ ನಾನು ಗೊಣಗುತ್ತ ಮತ್ತೆ ಗಾಡಿ ಹತ್ತುತ್ತೇನೆ. ಸುಳ್ಳು ಹೇಳಬಾರದು, ಮುಂದೆ ಇದಕ್ಕಿಂತ ಒಳ್ಳೆಯದೇ ಸಿಗುತ್ತಿತ್ತು.

ಮೊದಲ ಸಂಜೆ ಒಂದು ನೆಡುತೋಪಿನ ಅಂಚಿನಲ್ಲಿ ನಿಂತೆವು. ಕಾವಲುಗಾರ ಬೆಂಕಿ ಹಾಕಬಾರದು ಎಂಬ ಮಾತಿನ ಮೇಲೆ ಬಿಟ್ಟ. ಸಣ್ಣ ಸ್ಟವ್ವಿನ ಮೇಲೆ ಮೊಟ್ಟೆ ಬೇಯುತ್ತಿದ್ದವು. ಊಟಕ್ಕೆ ಮುಂಚೆ ಹೇಳಿದರೆ ಅವನ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ, ಊಟವಾದ ಮೇಲೆ ಹೇಳಿದರೆ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ ಎಂದು ಲೆಕ್ಕ ಹಾಕಿ ಸುಮ್ಮನಾದೆ. ಮಾರನೆಯ ಸಂಜೆ ದೊಡ್ಡದೊಂದು ಕೆರೆಯ ದಡ ಸಿಕ್ಕಿತು. ನೀರಿನ ಮೇಲೆ ಬಿಸಿಲು ಬಿದ್ದು ಅವನ ಮುಖವೆಲ್ಲ ಬೆಳಗುತ್ತಿತ್ತು, ಕೈ ಹಿಂದಕ್ಕೆ ಊರಿ ಕೂತು ಬಾಯಿ ತುಂಬ ನಗುತ್ತಿದ್ದ. ಇಷ್ಟು ಚೆಂದದ ಜಾಗದಲ್ಲಿ ಹೇಳಿದರೆ ಇನ್ನು ಮುಂದೆ ನೀರು ಕಂಡಾಗಲೆಲ್ಲ ಇದೇ ನೆನಪಾಗುತ್ತದೆ, ಬೇಡ ಎನ್ನಿಸಿತು. ಅದಾದ ಮೇಲೆ ಒಂದು ಹೊಳೆಯ ಬದಿ. ಅಲ್ಲಿ ನಮಗಿಂತ ಮೊದಲೇ ಒಂದು ಸಂಸಾರ ಬಂದು ಎರಡು ಟೆಂಟು ಹಾಕಿತ್ತು. ಮಕ್ಕಳ ತಾಯಿ ಬಲು ಮಾತುಗಾರ್ತಿ, ಬ್ರೆಡ್ಡು ಕೊಡುವ ನೆಪದಲ್ಲಿ ಬಂದು ಕೂತು, ‘ಇವರು ನಿಮಗೇನಾಗ್ಬೇಕು?’ ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವನು, ‘ನಮ್ಮ ಮಾವ’ ಎಂದ. ‘ಅಯ್ಯೋ, ಹಾಗಾದ್ರೆ ಮಗಳನ್ನ ಯಾಕೆ ಕರ್ಕೊಂಡ್ ಬರ್ಲಿಲ್ಲ?’ ಎಂದಳು ಆ ತಾಯಿ. ಅವನು ಒಂದು ಚೂರೂ ತಡವರಿಸದೆ, ‘ಅವಳಿಗೆ ರಜ ಸಿಗ್ಲಿಲ್ಲ’ ಎಂದುಬಿಟ್ಟ. ಅವಳು ಹೋದ ಮೇಲೂ ಅವನು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಇಬ್ಬರೂ ಸೇರಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆವು.

ಆಮೇಲೆ ನನಗೆ ಏನಾಯಿತೋ ಕಾಣೆ. ಅವನು ನಿಲ್ಲಿಸಿದ ಕಡೆಯೆಲ್ಲ ನಾನೇ ಕೊಂಕು ತೆಗೆಯಲು ಶುರು ಮಾಡಿದೆ. ಇಲ್ಲಿ ನೆಲ ಒದ್ದೆ. ಇಲ್ಲಿ ಇರುವೆ. ಇಲ್ಲಿ ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಇಲ್ಲಿ ಏನೂ ಇಲ್ಲ, ಏನೂ ಇಲ್ಲದಿರುವುದೇ ಒಂಥರಾ. ಅವನು ನಿಂತಲ್ಲೇ ನಕ್ಕು, ‘ನನ್ನ ಚಾಳಿ ನಿಮಗೂ ಹತ್ತಿತಲ್ಲ ಮಾವ’ ಎಂದ. ಅವನು ತಮಾಷೆಗೇ ಅಂದದ್ದು. ಆದರೆ ಆ ಹೊತ್ತಿಗೆ ನಾನು ನಿನ್ನನ್ನು ನೋಡಿದ ಹಾಗಾಯಿತು, ಚೂಟಿ. ಬಾಡಿಗೆ ಮನೆಯಲ್ಲಿ, ಬಿಚ್ಚದ ಪೆಟ್ಟಿಗೆಗಳ ನಡುವೆ, ಪರದೆ ಹಾಕಲೋ ಬೇಡವೋ ಎಂದು ಕೈಯಲ್ಲಿ ಬಟ್ಟೆ ಹಿಡಿದು ನಿಂತ ನಿನ್ನನ್ನು. ಮನೆ ಚೆನ್ನಾಗಿದೆ, ಇನ್ನೊಂಚೂರು ಮುಂದೆ ನೋಡೋಣ. ಕೆಲಸ ಚೆನ್ನಾಗಿದೆ, ಇನ್ನೊಂಚೂರು ಮುಂದೆ. ಮಗುವಿನ ವಿಷಯಕ್ಕೂ ಅವನು ಅದನ್ನೇ ಅಂದಿದ್ದ ಎಂದು ನೀನು ಅಮ್ಮನ ಹತ್ತಿರ ಹೇಳಿಕೊಂಡು ಅತ್ತಿದ್ದೆಯಂತೆ, ಅವಳು ನನಗೆ ಎಷ್ಟೋ ದಿನ ಬಿಟ್ಟು ಹೇಳಿದಳು. ಕುಡಿಯುವುದಿಲ್ಲ, ಕೈಯೆತ್ತುವುದಿಲ್ಲ, ಜೋರಾಗಿ ಮಾತೂ ಆಡುವುದಿಲ್ಲ, ಇಂಥವನನ್ನು ಯಾಕೆ ಬಿಟ್ಟಳು ಎಂದು ಕೇಳಿದವರಿಗೆಲ್ಲ ನಾನು ‘ಅದು ಅವರವರ ವಿಷಯ’ ಎನ್ನುತ್ತಿದ್ದೆ, ಕಾರಣ ಗೊತ್ತಿದ್ದಿದ್ದರೆ ತಾನೇ ಹೇಳುವುದು. ರಸ್ತೆಯ ಮೇಲೆ ಅವನ ಯಾವ ಗುಣಕ್ಕೆ ನಾನು ಮರುಳಾಗಿದ್ದೆನೋ ಅದೇ ಗುಣ ಮನೆಯೊಳಗೆ ನಿನ್ನ ಜೀವ ತಿಂದಿತ್ತು. ಟೆಂಟು ಒಂದು ರಾತ್ರಿಯದು, ಮುಂದೆ ನೋಡೋಣ ಎಂದರೆ ನಡೆಯುತ್ತದೆ. ಬದುಕಿಗೆ ಹಾಗೆ ಹೇಳಿದರೆ ಮುಂದೆ ಮುಂದೆ ಏನೂ ಉಳಿದಿರುವುದಿಲ್ಲ.

ಜಾಗ ಬೇಡ ಬೇಡ ಎಂದು ನಾನು ತಳ್ಳಿದ ತಳ್ಳುವಿಕೆಗೆ ಆವತ್ತು ಹೊತ್ತು ಮುಳುಗುತ್ತ ಬಂತು, ಮೇಲೆ ಮೋಡ ಕಟ್ಟಿತು. ಕೊನೆಗೆ ಸಿಕ್ಕಿದ್ದು ಸಿಮೆಂಟಿನ ದೊಡ್ಡ ದೊಡ್ಡ ಪೈಪುಗಳನ್ನು ಪೇರಿಸಿಟ್ಟ ಒಂದು ಬಯಲು. ಪಕ್ಕದಲ್ಲೇ ಲಾರಿಗಳು ಹೋಗುವ ರಸ್ತೆ. ನೆಲವೆಲ್ಲ ಜಲ್ಲಿ, ಡೀಸೆಲ್ ವಾಸನೆ, ಒಂದು ಹುಲ್ಲುಕಡ್ಡಿ ಇಲ್ಲ. ವಾಚ್‌ಮನ್ ಮನೆಯ ಹಿರಿಯನ ಹಾಗೆ ಗದರಿಕೊಂಡೇ ಒಳಗೆ ಬಿಟ್ಟ. ಜಲ್ಲಿಯಲ್ಲಿ ಗೂಟ ಇಳಿಯಲಿಲ್ಲ, ಆದ್ದರಿಂದ ಹಗ್ಗಗಳನ್ನು ಪೈಪುಗಳ ಬಾಯಿಗೇ ಕಟ್ಟೋಣ ಎಂದು ಅವನು ಆ ಕಡೆ ಹೋದ. ನಾನು ಈ ಕಡೆ ಕೋಲು ಹಿಡಿದು ನಿಂತೆ. ಗಾಳಿಗೆ ಟೆಂಟಿನ ಬಟ್ಟೆ ಉಬ್ಬಿ ನನ್ನ ಮುಖಕ್ಕೆ ಬಡಿಯುತ್ತಿತ್ತು, ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಆಗ ಬಾಯಿಂದ ಬಂದೇಬಿಟ್ಟಿತು. ಅವಳಿಗೆ ಮದುವೆ ಗೊತ್ತಾಗಿದೆ ಕಣಯ್ಯಾ ಎಂದೆ. ಅದೇ ಹೊತ್ತಿಗೆ ಒಂದು ಲಾರಿ ಹೋಯಿತು. ‘ಏನಂದ್ರಿ ಮಾವ? ಕೇಳಿಸ್ಲಿಲ್ಲ’ ಎಂದ. ಇಷ್ಟು ದಿನ ಪಿಸುಮಾತಿನಲ್ಲಿ ಹೇಳಲೂ ಧೈರ್ಯವಿರದಿದ್ದ ಮಾತನ್ನು ನಾನು ಗಂಟಲು ಹರಿಯುವ ಹಾಗೆ ಕೂಗಿ ಹೇಳಬೇಕಾಯಿತು, ಮಗಳೇ. ಚೂಟಿಗೆ ಮದುವೆ, ಬರುವ ತಿಂಗಳು!

ಅವನಿಗೆ ಕೇಳಿಸಿತು, ವಾಚ್‌ಮನ್ನಿಗೂ ಕೇಳಿಸಿತು. ಅಲ್ಲಿಯವರೆಗೆ ಮುಖ ಗಂಟಿಕ್ಕಿಕೊಂಡಿದ್ದ ಆ ಮನುಷ್ಯ ತನ್ನ ಡಬ್ಬಿಯಂಥ ಕೋಣೆಯಿಂದ ಓಡಿಬಂದು, ‘ಮನೇಲಿ ಮದ್ವೆನಾ ಯಜಮಾನ್ರೇ? ಮೊದ್ಲೇ ಹೇಳ್ಬಾರ್ದಾ! ಒಳ್ಳೇದಾಗ್ಲಿ’ ಎಂದು ನನ್ನ ಕೈ ಹಿಡಿದು ಕುಲುಕಿದ. ಆಮೇಲೆ ಆ ಕಡೆ ಹೋಗಿ ಅವನ ಕೈಯನ್ನೂ ಹಿಡಿದು ಕುಲುಕಿದ. ಅವನ ಇನ್ನೊಂದು ಕೈಯಲ್ಲಿ ಹಗ್ಗ ಇತ್ತು. ಹಗ್ಗ ಬಿಡದೆ, ಬಹಳ ಮರ್ಯಾದೆಯಿಂದ, ‘ಥ್ಯಾಂಕ್ಸ್’ ಎಂದ. ವಾಚ್‌ಮನ್ ಖುಷಿಯಲ್ಲಿ ನಮಗೆ ಬಿಸಿನೀರು ಕಾಯಿಸಿ ತಂದುಕೊಟ್ಟ, ಮಳೆ ಬಂದರೆ ನನ್ನ ಕೋಣೆಗೇ ಬನ್ನಿ ಎಂದ. ಅವನ ಎದುರಿಗೆ ನಾವಿಬ್ಬರೂ ಮದುವೆಮನೆಯವರ ಹಾಗೆ ನಗುನಗುತ್ತ ಇರಬೇಕಾಯಿತು. ಅದೊಂದು ಶಿಕ್ಷೆ ಯಾವ ಶತ್ರುವಿಗೂ ಬೇಡ.

ವಾಚ್‌ಮನ್ ಹೋದ ಮೇಲೆ ಅವನು ಪೈಪಿಗೆ ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಯಾರು ಎಂದು ಕೇಳಿದ, ಹೇಳಿದೆ. ಒಳ್ಳೆಯವರೇ ಎಂದು ಕೇಳಿದ, ಹೌದು ಎಂದೆ. ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ, ‘ಅವರಿಗೆ ಸ್ವಂತ ಮನೆ ಇದೆಯಾ?’ ಎಂದ. ಇದೆ, ಅಂಗಡಿಯ ಮೇಲೆಯೇ, ಅವರ ತಂದೆಯ ಕಾಲದಿಂದ ಅದೇ ಮನೆ ಎಂದೆ. ‘ಹಾಗಾದ್ರೆ ಒಳ್ಳೇದು. ಅವಳಿಗೆ ಪರದೆ ಹಾಕೋದು ಅಂದ್ರೆ ಇಷ್ಟ’ ಎಂದ. ನೀವು ಬೇರೆಯಾದ ಮೇಲೆ ಇಷ್ಟು ವರ್ಷದಲ್ಲಿ ಅವನು ನಿನ್ನ ಬಗ್ಗೆ ನನ್ನ ಹತ್ತಿರ ಆಡಿದ ಮಾತು ಅದೊಂದೇ. ನೋಡು, ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹಾಗೆ ಮಾಡಿದ ಎಂದು ಮಾತ್ರ ಕೇಳಬೇಡ. ಇನ್ನೊಂದು ವಿಷಯವನ್ನು, ಅಂದರೆ ಇದೇ ನಮ್ಮ ಕೊನೆಯ ಪ್ರಯಾಣ ಎನ್ನುವುದನ್ನು, ಹೇಗೆ ಹೇಳಲಿ ಎಂದು ನಾನು ಮೀನ ಮೇಷ ಎಣಿಸುತ್ತಿರುವಾಗ ಅವನೇ ಆ ಕಷ್ಟವನ್ನು ನನ್ನಿಂದ ತೆಗೆದುಕೊಂಡ. ‘ಮುಂದಿನ ವರ್ಷ ನಾವು ಹೊರಡೋದು ಸರಿಹೋಗಲ್ಲ ಅಲ್ವಾ’ ಎಂದ. ಸರಿಹೋಗುವುದಿಲ್ಲ ಎಂದೆ. ಅಷ್ಟಕ್ಕೆ ಮಾತು ಮುಗಿಯಿತು. ಮಳೆಯೂ ಬರಲಿಲ್ಲ.

ಬೆಳಿಗ್ಗೆ ಅವನು ಟೀ ಲೋಟ ಹಿಡಿದು ಟೆಂಟಿನ ಬಾಗಿಲಿಗೆ ಬಂದು, ‘ಮಾ...’ ಎಂದವನು ಅಷ್ಟಕ್ಕೇ ನಿಲ್ಲಿಸಿದ. ಬಿಸಿ ತಾಗಿತೇನೋ ಎಂದುಕೊಂಡೆ. ಅಲ್ಲ. ‘ಟೀ ಆಗಿದೆ’ ಎಂದು ಲೋಟ ಅಲ್ಲೇ ಇಟ್ಟು ಹೋದ. ಆವತ್ತಿನಿಂದ ಇವತ್ತಿನವರೆಗೆ, ಚೂಟಿ, ಅವನು ನನ್ನನ್ನು ಏನೂ ಅಂತ ಕರೆದಿಲ್ಲ. ಮೊದಲು ನನಗೆ ತಿಳಿಯಲೇ ಇಲ್ಲ, ಆಮೇಲೆ ಕಿವಿಗೊಟ್ಟು ಕೇಳತೊಡಗಿದೆ. ಹೊರಡೋಣ್ವಾ ಎನ್ನುತ್ತಾನೆ. ಪೆಟ್ರೋಲು ಹಾಕಿಸ್ಬೇಕು ಎನ್ನುತ್ತಾನೆ. ದೂರದಿಂದ ಕರೆಯಬೇಕಾದರೆ ಹಾರ್ನು ಹೊಡೆಯುತ್ತಾನೆ. ತೀರಾ ಹತ್ತಿರವಿದ್ದರೆ, ಹಿಂದಿನ ಕಾಲದಲ್ಲಿ ಹೆಂಡತಿ ಗಂಡನನ್ನು ಕರೆಯುತ್ತಿದ್ದಳಲ್ಲ, ಹಾಗೆ, ‘ಕೇಳಿಸ್ತಾ’ ಎನ್ನುತ್ತಾನೆ. ಇನ್ನೊಂದು ಕಾಲವಾಗಿದ್ದರೆ ನಾನು ಇದನ್ನೇ ಹಿಡಿದುಕೊಂಡು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ಕರೆಯಯ್ಯಾ, ಮೊದಲಿನ ಹಾಗೇ ಕರೆ, ಯಾರು ಬೇಡ ಅಂದರು ಎನ್ನಬೇಕೆಂದು ನಾಲಿಗೆಯ ತುದಿಯವರೆಗೆ ಬರುತ್ತದೆ. ಆದರೆ ಯಾವ ಬಾಯಲ್ಲಿ ಹೇಳಲಿ? ಹಾಗೆ ಕರೆಸಿಕೊಳ್ಳುವ ಹಕ್ಕು ನನಗೆ ನಿನ್ನಿಂದ ಬಂದದ್ದು. ನಿಮ್ಮಿಬ್ಬರ ಕಾಗದಪತ್ರ ಆದಾಗಲೇ ಅದು ಹೋಗಬೇಕಿತ್ತು, ಯಾರೂ ಬಂದು ಕೇಳದೇ ಇದ್ದದ್ದರಿಂದ ನಾವಿಬ್ಬರೂ ಸುಮ್ಮನೆ ಇಟ್ಟುಕೊಂಡಿದ್ದೆವು.

ಅದಕ್ಕಿಂತ ಹೆಚ್ಚು ನನ್ನನ್ನು ಅಳಿಸಿದ್ದು ನಿನ್ನೆಯ ಸಂಜೆ. ಊರ ಹೊರಗೆ ಒಂದು ಬೋಳು ದಿಬ್ಬ ಕಂಡಿತು. ಅವನು ಗಾಡಿ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ, ‘ಇಲ್ಲೇ ಆಗುತ್ತೆ’ ಎಂದ. ಗಾಳಿ ನೋಡಲಿಲ್ಲ, ನೆಲ ನೋಡಲಿಲ್ಲ, ಬಾಟಲಿ ಚೀಲದಲ್ಲೇ ಇತ್ತು. ಇನ್ನೊಂಚೂರು ಮುಂದೆ ನೋಡೋಣವೇನಯ್ಯಾ ಎಂದು ನಾನೇ ಕೇಳಿದೆ. ‘ಬೇಡ, ಸಾಕು’ ಎಂದ. ಇಳಿಜಾರು ಎಷ್ಟಿತ್ತೆಂದರೆ ಬೆಳಗಾಗುವಷ್ಟರಲ್ಲಿ ನಾನು ಅವನ ಮೇಲೆ ಉರುಳಿ, ಅವನು ಟೆಂಟಿನ ಗೋಡೆಗೆ ಅಂಟಿಕೊಂಡು, ಇಬ್ಬರೂ ಒಂದು ಮೂಲೆಗೆ ಬಂದು ಬಿದ್ದಿದ್ದೆವು. ಎದ್ದು ನೋಡಿಕೊಂಡು ನಕ್ಕೆವು. ನಗುತ್ತಲೇ ಅವನು ಹೊರಗೆ ಹೋದ. ಎಷ್ಟೋ ಹೊತ್ತು ಒಳಗೆ ಬರಲಿಲ್ಲ. ಮುಖ ತೊಳೆದುಕೊಳ್ಳಲು ಹೋಗಿದ್ದೆ ಎಂದ, ಆ ದಿಬ್ಬದ ಸುತ್ತಮುತ್ತ ಎಲ್ಲೂ ನೀರಿರಲಿಲ್ಲ. ಆಮೇಲೆ ನಾನೂ ಟೆಂಟು ಮಡಿಸುವ ನೆಪದಲ್ಲಿ ಅದರ ಒಳಗೇ ಕೂತು ಅತ್ತೆ. ನಾನು ಹೊಲಿದ ಬಟ್ಟೆ, ನನ್ನ ಅಳುವನ್ನು ಹೊರಗೆ ಬಿಡಲಿಲ್ಲ.

ನಿನ್ನ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ, ಮಗಳೇ, ಇದನ್ನು ಎರಡು ಸಲ ಓದು. ನೀನು ಮಾಡಿದ್ದು ಸರಿ. ನೀನು ನಿನ್ನ ಗಂಡನನ್ನು ಬಿಟ್ಟು ಎಷ್ಟೋ ದಿನವಾಯಿತು. ನನ್ನ ಅಳಿಯನನ್ನು ಬಿಡುವ ಸರದಿ ನನಗೆ ಈಗ ಬಂದಿದೆ, ಅಷ್ಟೆ. ಗಂಡ ಹೆಂಡತಿ ಬೇರೆಯಾಗಲು ಕೋರ್ಟಿದೆ, ವಕೀಲರಿದ್ದಾರೆ, ಅಳುವವರ ಬೆನ್ನು ಸವರಲು ಹತ್ತು ಜನ ಬರುತ್ತಾರೆ. ನಮ್ಮಂಥವರು ಬೇರೆಯಾಗುವುದಕ್ಕೆ ಒಂದು ಹೆಸರೂ ಇಲ್ಲ, ದುಃಖ ಎಂದರೆ ಜನ ನಗುತ್ತಾರೆ. ನಿನ್ನ ಮದುವೆಗೆ ನನಗೆ ಸಂತೋಷವಿದೆ, ಇದು ಬಾಯಿಮಾತಲ್ಲ. ಔಷಧಿ ಅಂಗಡಿಯವರ ಪಕ್ಕದಲ್ಲಿ ನೀನು ನಿಂತ ಫೋಟೋ ಕಳಿಸಿದ್ದೆಯಲ್ಲ, ಅದರಲ್ಲಿ ನಿನ್ನ ಭುಜ ಇಳಿದಿದೆ, ಎಷ್ಟು ವರ್ಷದ ಮೇಲೆ ನಿನ್ನ ಭುಜ ಹಾಗೆ ಸಡಿಲವಾಗಿದ್ದನ್ನು ನೋಡಿದೆನೋ. ಆ ಸಂತೋಷವೂ ಈ ದುಃಖವೂ ಎರಡೂ ನಿಜ. ಮದುವೆಯ ದಿನ ನಾನು ಸಂತೋಷವನ್ನು ಮಾತ್ರ ಹೊತ್ತುಕೊಂಡು ಬರುತ್ತೇನೆ, ಇನ್ನೊಂದನ್ನು ಈ ಕಾಗದದಲ್ಲಿ ಇಟ್ಟು ಕಳಿಸುತ್ತಿದ್ದೇನೆ.

ಚೈನು ಹಾಕಿದ ಮೇಲೆ ಇಲ್ಲಿಂದ ಸ್ವಲ್ಪ ದೂರ ಜೊತೆಯಲ್ಲೇ ಹೋಗುತ್ತೇವೆ. ರಸ್ತೆ ಎರಡಾಗುವ ಕಡೆ ಅವನು ಎಡಕ್ಕೆ, ನಾನು ಬಲಕ್ಕೆ. ಟೆಂಟು ಯಾವಾಗಲೂ ಅವನ ಗಾಡಿಯ ಮೇಲೆಯೇ ಬರುತ್ತಿತ್ತು, ಬೆಳಿಗ್ಗೆ ಅವನೇ ಅದನ್ನು ತಂದು ನನ್ನ ಗಾಡಿಗೆ ಕಟ್ಟಿದ್ದಾನೆ. ನಾನೊಬ್ಬನೇ ಅದನ್ನು ಏನು ಮಾಡಲಿ? ಒಬ್ಬನೇ ನಿಂತು ಎತ್ತಲು ಬರುವ ಟೆಂಟಲ್ಲ ಅದು, ಇಬ್ಬರ ಅಳತೆಗೆ ಹೊಲಿದದ್ದು. ಇರಲಿ, ಆ ಮಾತು ಸಾಕು.

ಕತ್ತಿನ ಕಡೆ ಜೋಪಾನ. ರಾತ್ರಿ ಪಾಳಿ ಇದ್ದರೆ ಬದಲಾಯಿಸಿಕೋ. ಅಮ್ಮನಿಗೆ ನಾನು ನೆನೆಸಿಕೊಂಡೆ ಎಂದು ಹೇಳು, ಎಷ್ಟು ಎಂದು ಕೇಳಿದರೆ ಬೇಕಾದಷ್ಟು ಎನ್ನು. ಔಷಧಿ ಅಂಗಡಿಯವರಿಗೆ ನನ್ನ ನಮಸ್ಕಾರ. ನಿನ್ನ ಹೊಸ ಮನೆಯ ಕಿಟಕಿಗಳ ಅಳತೆ ತೆಗೆದು ಕಳಿಸು, ಪರದೆಗಳನ್ನು ನಾನೇ ಹೊಲಿಯುತ್ತೇನೆ, ಬೇರೆಯವರ ಕೈಗೆ ಕೊಡಬೇಡ. ನೀನು ಕಾಲಿಟ್ಟ ಮನೆಯಲ್ಲಿ ಬಹಳ ವರ್ಷ ನಿಂತು ಬಾಳು, ತಾಯಿ.

ಇಂತಿ ನಿನ್ನನ್ನು ಹೊತ್ತು ತಿರುಗಿದ,
ಅಪ್ಪ

ತಾ.ಕ.: ಅವನು ಬಂದ, ಬೈಕಿನ ಸದ್ದು ಕೇಳಿಸುತ್ತಿದೆ, ಬೇಗ ಬೇಗ ಬರೆಯುತ್ತೇನೆ. ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಮೊನ್ನೆ ಫೋನಿನಲ್ಲಿ ನಿನ್ನ ಔಷಧಿ ಅಂಗಡಿಯವರು ‘ಹುಷಾರಾಗಿ ಬನ್ನಿ ಮಾವ’ ಎಂದರು. ಪ್ರೀತಿಯಿಂದಲೇ ಅಂದರು, ಅವರದೇನೂ ತಪ್ಪಿಲ್ಲ. ಆದರೂ ಸ್ವಲ್ಪ ದಿನ, ಒಂದು ವರ್ಷ ಎಂದಿಟ್ಟುಕೋ, ಅವರು ನನ್ನನ್ನು ಬೇರೆ ಏನಾದರೂ ಅಂತ ಕರೆಯಲಿ. ಅಪ್ಪ ಎನ್ನಲಿ, ಸಾರ್ ಎನ್ನಲಿ, ಕುಶನ್ ಅಂಗಡಿಯವರು ಎನ್ನಲಿ, ನಾನು ಓ ಎನ್ನುತ್ತೇನೆ. ಕಾರಣ ಹೇಳಬೇಡ, ಮುದುಕನ ಹಟ ಎಂದುಬಿಡು. ಆ ಹೆಸರಿನಲ್ಲಿ ಯಾರೇ ಕರೆದರೂ ನಾನು ಈಗ ತಿರುಗಿ ನೋಡುವುದು ಇವನ ಮುಖಕ್ಕೇ ಮಗಳೇ. ನಿನ್ನ ಮದುವೆಯ ದಿನ ಎಲ್ಲರ ಎದುರು ಹಾಗೆ ತಿರುಗಿಬಿಡುತ್ತೇನೇನೋ ಎಂದು ಭಯ.